ನಿಂತಲ್ಲೇ ಓಡಿದ ಕಾರು

ಮಾವನ ಕಾರು ಮಾರಲು ನಾನು ಮೊಬೈಲಿನಲ್ಲಿ ಜಾಹೀರಾತು ಹಾಕಿದ್ದೆ. ಆವತ್ತು ಮನುಷ್ಯರ ಮೇಲೆ ಶುರುವಾದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕಾರು ಅವರದು, ಹಣ ಅವರದು, ಅವಮಾನವೂ ಅವರದು. ನನ್ನ ಪಾಲಿಗೆ ಬಂದದ್ದು ಸಿಟ್ಟು ಒಂದೇ. ಅದನ್ನಾದರೂ ನೆಟ್ಟಗೆ ಮಾಡಲಿಕ್ಕೆ ಬರುತ್ತದೆಯೇ ಎಂದರೆ ಅದೂ ಇಲ್ಲ. ನನಗೆ ಸಿಟ್ಟು ಬಂದರೆ ಎದುರಿಗಿದ್ದವನ ದನಿಯೇ ನನ್ನ ಬಾಯಿಗೆ ಬಂದುಬಿಡುತ್ತದೆ. ಹುಟ್ಟಿನಿಂದ ಅಂಟಿದ ಚಟ. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಕೆಮ್ಮನ್ನು ಅಧ್ಯಕ್ಷರಿಗಿಂತ ಚೆನ್ನಾಗಿ ಕೆಮ್ಮಿ, ಅವರ ಕೈಯಿಂದಲೇ ಶಾಲು ಹೊದಿಸಿಕೊಂಡು ಮನೆಗೆ ಬರುವವ ನಾನು. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿಯ ಕಡೆಯಿಂದ ಮುಂಬೈಗೆ ಬಂದು ಫೋರ್ಟಿನಲ್ಲಿ ಹೋಟೆಲ್ ಇಟ್ಟವರು. ಮನೆ ಮಾಟುಂಗದ ಒಂದು ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ, ಪಕ್ಕದಲ್ಲೇ ತಗಡಿನ ಬಾಗಿಲಿನ ಗ್ಯಾರೇಜು. ಅವರಿಗೆ ಅರವತ್ತು ತುಂಬಿದಾಗ ನೆಂಟರೆಲ್ಲ ಶಾಂತಿ ಹೋಮ ಮಾಡಿಸಿ ಎಂದರು. ಮಾವ ಹೋಗಿ ಅಮೆರಿಕದ ಮಸಲ್ ಕಾರೊಂದನ್ನು ತಂದು ನಿಲ್ಲಿಸಿದರು. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರು, ಕಡುನೀಲಿ ಬಣ್ಣ. ಚಾಲೂ ಮಾಡಿದರೆ ಗ್ಯಾರೇಜಿನ ತಗಡು ನಡುಗುತ್ತಿತ್ತು. ನೆಂಟರು ಒಂದು ವರ್ಷ ಅವರ ಮನೆಗೆ ಬಂದದ್ದು ಊಟಕ್ಕಲ್ಲ, ಬುದ್ಧಿ ಹೇಳಲಿಕ್ಕೆ. ಊಟ ಮಾತ್ರ ಬಿಡಲಿಲ್ಲ.

ಇಂಥ ಕಾರಿನ ಒಡೆಯ ದಿನಾ ಹೋಟೆಲಿಗೆ ಹೋಗುತ್ತಿದ್ದುದು ಲೋಕಲ್ ರೈಲಿನಲ್ಲಿ. ಫೋರ್ಟಿನಲ್ಲಿ ಕಾರು ನಿಲ್ಲಿಸಲಿಕ್ಕೆ ಜಾಗವಿಲ್ಲ. ದಾರಿಯಲ್ಲಿ ಸ್ಪೀಡ್ ಬ್ರೇಕರ್ ಬಂದರೆ ಕಾರಿನ ಹೊಟ್ಟೆ ತಾಗುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಪಕ್ಕದ ರಿಕ್ಷಾದವನು ಬಗ್ಗಿ ನೋಡಿ, “ಸೇಟ್, ಉಡಾವೋ ನಾ”, ಹಾರಿಸಿಕೊಂಡು ಹೋಗಿ ಎಂದು ನಗುತ್ತಾನೆ. ಹಾಗಾಗಿ ಭಾನುವಾರ ನಸುಕಿನಲ್ಲಿ ಸಮುದ್ರದ ಬದಿಗೆ ಒಂದು ಸುತ್ತು, ಹಬ್ಬಕ್ಕೆ ದೇವಸ್ಥಾನ, ಅಷ್ಟೇ. ಮೀಟರು ಆರು ಸಾವಿರ ಕಿಲೋಮೀಟರನ್ನು ಕಷ್ಟಪಟ್ಟು ದಾಟಿತ್ತು. ಸೀಟಿನ ಮೇಲೆ ಒಂದು ಗೆರೆ ಇಲ್ಲ. ಒಳಗೆ ಚಪ್ಪಲಿ ಹಾಕಿಕೊಂಡು ಕೂರಬೇಕಾದರೆ ಅತ್ತೆಗೂ ಅಪ್ಪಣೆ ಬೇಕಿತ್ತು.

ಆದರೆ ಕಾರನ್ನು ಒಂದು ದಿನವೂ ಸುಮ್ಮನೆ ಮಲಗಲು ಮಾವ ಬಿಡುತ್ತಿರಲಿಲ್ಲ. ಅದಕ್ಕೆ ಕಾರಣ ಹೋಟೆಲಿನ ಗ್ರೈಂಡರು. ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿ, ಮತ್ತೆ ತೆರೆದಾಗ, ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿತ್ತು. ದೊಡ್ಡ ಫ್ರಿಜ್ಜಿನ ಕಂಪ್ರೆಸರು ಕೂಡ. ಹೋಟೆಲಿನವರಿಗೆ ಅದು ಮನೆಯಲ್ಲಿ ಇಬ್ಬರು ಒಟ್ಟಿಗೆ ಕಾಯಿಲೆ ಬಿದ್ದ ಹಾಗೆ. ಮೊದಲೇ ಮಾವನಿಗೆ ದಿನಾ ಬೆಳಿಗ್ಗೆ ಒಲೆ, ಗ್ರೈಂಡರು, ಕಾಫಿ ಮಿಷನ್ನು, ಗಲ್ಲಾಪೆಟ್ಟಿಗೆ ಎಲ್ಲದಕ್ಕೂ ಊದಿನಕಡ್ಡಿ ಬೆಳಗಿ, ಚಾಲೂ ಮಾಡಿ, ಆಮೇಲೆ ಶಟರ್ ಎತ್ತುವ ಅಭ್ಯಾಸ. ಆ ಪಟ್ಟಿಗೆ ಕಾರೂ ಸೇರಿತು. ಬೆಳಿಗ್ಗೆ ಸ್ನಾನ ಮುಗಿಸಿ, ಗ್ಯಾರೇಜಿನ ಬಾಗಿಲು ತೆಗೆದು, ಕಾರು ಚಾಲೂ ಮಾಡಿ, ಸ್ಟೀರಿಂಗಿಗೆ ಊದಿನಕಡ್ಡಿ ತೋರಿಸಿ, ಮನೆಯೊಳಗೆ ಬಂದು ದೇವರ ಪೂಜೆಗೆ ಕೂರುವುದು. ಪೂಜೆ ಮುಗಿದು ಕಾಫಿ ಕುಡಿಯುವ ತನಕ ಕಾರು ಹೊರಗೆ ಗುಡುಗುಡು ಅನ್ನುತ್ತಲೇ ಇರಬೇಕು.

ಗ್ಯಾರೇಜಿನ ಮೇಲಿನ ಕಿಟಕಿ ಮೊದಲನೆಯ ಮಹಡಿಯ ಕಾಕುವಿನದು, ಕಾಕು ಎಂದರೆ ಚಿಕ್ಕಮ್ಮ. ವಿಜಯಪುರದ ಕಡೆಯವರು, ಫೋನ್ ಇಲಾಖೆಯಿಂದ ನಿವೃತ್ತರು, ಒಬ್ಬರೇ ಇರುವುದು. ದಿನಾ ಕಾರು ಚಾಲೂ ಆದ ಮರುಕ್ಷಣವೇ ಆ ಕಿಟಕಿಯೂ ಚಾಲೂ.

“ಏನ್ರೀ ಹೋಟೆಲ್‌ನವರ, ನಿಮ್ಮ ಎಮ್ಮಿ ಎದ್ತೇನು?”

“ಎಮ್ಮೆ ಅಲ್ಲ ಕಾಕು, ಕಾರು.”

“ಕಾರ್ ಆಗಿದ್ರ ಹೊರಗ ಹೋಗ್ತಿತ್ತು. ನಿಂತಲ್ಲೇ ಒದರೂದು ಎಮ್ಮಿನ!”

ಇದು ವರ್ಷಗಟ್ಟಲೆ ನಡೆದ ಜಗಳ. ಸೊಸೈಟಿ ಮೀಟಿಂಗಿನಲ್ಲಿ ನಡೆಯಿತು, ಮೆಟ್ಟಿಲ ಮೇಲೆ ನಡೆಯಿತು, ಗಣಪತಿ ಪ್ರಸಾದ ಹಂಚುವಾಗಲೂ ನಡೆಯಿತು. ಇಬ್ಬರ ದನಿಯನ್ನೂ ನಾನೊಬ್ಬನೇ ಮಾಡಿ ತೋರಿಸುತ್ತಿದ್ದೆ. ಇಬ್ಬರೂ ಇನ್ನೊಬ್ಬರದು ಮಾತ್ರ ಸರಿಯಾಗಿದೆ ಎನ್ನುತ್ತಿದ್ದರು.

ಆಮೇಲೆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಟವರು ಕಟ್ಟುವ ತನಕ ಬಿಲ್ಡರು ಮಾವನಿಗೆ ಮುಲುಂಡಿನಲ್ಲಿ ಬಾಡಿಗೆ ಫ್ಲಾಟು ಹುಡುಕಿಕೊಟ್ಟ. ಕಾರು ನಿಲ್ಲಿಸಲು ಅಲ್ಲಿ ಜಾಗವಿರಲಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡಬೇಕು, ಅದರೊಳಗೆ ಕಾರು ಹೋಗಬೇಕು. ಮಾವ ಎರಡು ದಿನ ಕಾರನ್ನು ಒರೆಸಿದ್ದೇ ಒರೆಸಿದ್ದು. ಮೂರನೆಯ ದಿನ ನನಗೆ ಹೇಳಿದರು: “ಹಾಕು ಮಾರಾಯ. ಇದ್ದದ್ದು ಇದ್ದ ಹಾಗೆ ಬರಿ. ಹೆಚ್ಚು ಬೇಡ.”

ನಾನು ಇದ್ದದ್ದು ಇದ್ದ ಹಾಗೆ ಬರೆದೆ. ಒಬ್ಬರೇ ಓನರು, ಕಡಿಮೆ ಓಡಿದ್ದು, ಗ್ಯಾರೇಜಿನಲ್ಲೇ ಇಟ್ಟದ್ದು. ಸಂಜೆಯೊಳಗೆ ಫೋನು ಸುರಿಯತೊಡಗಿತು. “ಲಾಸ್ಟ್ ಪ್ರೈಸ್ ಬೋಲೋ” ಎಂದವರಿಗೆ ಕಾರಿನ ಬಣ್ಣ ಕೂಡ ಗೊತ್ತಿರಲಿಲ್ಲ. ಒಬ್ಬ, ಮದುಮಗನ ಮೆರವಣಿಗೆಗೆ ಒಂದು ದಿನದ ಮಟ್ಟಿಗೆ ಕೊಡ್ತೀರಾ, ಕುದುರೆ ಸಿಗಲಿಲ್ಲ ಎಂದ. ಇನ್ನೊಬ್ಬ ತನ್ನ ಹೆಂಡತಿಯನ್ನೂ ಮೂರು ಡ್ರೆಸ್ಸುಗಳನ್ನೂ ತಂದ. ಬಾನೆಟ್ಟಿನ ಮೇಲೆ ಒರಗಿ, ಕಣ್ಣು ಮುಚ್ಚಿ, ಕೂದಲು ಹಾರಿಸಿ ರೀಲ್ಸ್ ತೆಗೆದ. ಮಧ್ಯದಲ್ಲಿ ಬಟ್ಟೆ ಹಿಡಿದು ಒರೆಸಲು ಬಂದ ಮಾವನಿಗೆ, “ಅಂಕಲ್, ಫ್ರೇಮಿಂದ ಸ್ವಲ್ಪ ಆಚೆ” ಎಂದ. ತನ್ನದೇ ಗ್ಯಾರೇಜಿನಲ್ಲಿ, ತನ್ನದೇ ಕಾರಿನ ಪಕ್ಕದಿಂದ ಮಾವ ಆಚೆ ಸರಿದು ನಿಂತರು. ಕೊನೆಗೆ ಅವನು ಕಾರಿನ ರೇಟು ಕೂಡ ಕೇಳಲಿಲ್ಲ. ಥ್ಯಾಂಕ್ಯೂ ಹೇಳಿ ಹೋದ. ಆ ಥ್ಯಾಂಕ್ಯೂವನ್ನು ನಾನು ಈಗಲೂ ಅವನ ದನಿಯಲ್ಲೇ ಹೇಳಬಲ್ಲೆ, ಹಲ್ಲು ಕಡಿದುಕೊಂಡು.

ಅಂಧೇರಿಯ ಸೆಕೆಂಡ್ ಹ್ಯಾಂಡ್ ಕಾರಿನ ಡೀಲರು ಬಂದದ್ದು ಆಮೇಲೆ. ನನ್ನ ವಯಸ್ಸಿನವನೇ. ಗ್ಯಾರೇಜಿನ ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯದವನು. ಕಾರನ್ನು ಸುತ್ತು ಹಾಕಿದ, ಟೈರು ನೋಡಿದ, ಸೀಟು ಮುಟ್ಟಿದ, ಅಡಿಗೆ ಬಗ್ಗಿ ನೋಡಿದ. ಅವನ ಮುಖದಲ್ಲಿ ಆಸೆ ಕಾಣಿಸಿತು. ಆಮೇಲೆ ಬ್ಯಾಗಿನಿಂದ ಸಣ್ಣ ಸ್ಕ್ಯಾನರ್ ತೆಗೆದು ಸ್ಟೀರಿಂಗಿನ ಕೆಳಗೆ ಚುಚ್ಚಿದ. ಕಾರು ಎಷ್ಟು ದೂರ ಹೋಗಿದೆ ಎನ್ನುವುದರ ಜೊತೆಗೆ ಎಂಜಿನ್ನು ಒಟ್ಟು ಎಷ್ಟು ಗಂಟೆ ಓಡಿದೆ ಎನ್ನುವುದನ್ನೂ ಈಗಿನ ಕಾರುಗಳು ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತವಂತೆ. ನಮಗೆ ಅದು ಗೊತ್ತಿರಲಿಲ್ಲ. ಅವನು ಸ್ಕ್ಯಾನರ್ ನೋಡಿದ, ಮೀಟರು ನೋಡಿದ, ಕನ್ನಡಕ ಹಣೆಗೆ ಏರಿಸಿ ಮಾವನನ್ನು ನೋಡಿದ.

“ಅಂಕಲ್, ಮೀಟರ್ ಪೀಛೆ ಕಿಸ್ನೇ ಘುಮಾಯಾ?”

ಮೀಟರನ್ನು ಹಿಂದಕ್ಕೆ ತಿರುಗಿಸಿದ್ದು ಯಾರು ಎಂದು ಕೇಳುತ್ತಿದ್ದಾನೆ. ತಿರುಗಿಸಿದ್ದೀರಾ ಎಂದಲ್ಲ, ಯಾರು ಎಂದು. ಇಷ್ಟು ಗಂಟೆ ಓಡಿದ ಎಂಜಿನ್ನು ಇಷ್ಟೇ ಕಿಲೋಮೀಟರು ಹೋಗಿದ್ದರೆ ಕಾರು ಮನುಷ್ಯ ನಡೆಯುವುದಕ್ಕಿಂತ ಸ್ವಲ್ಪವೇ ಜೋರಾಗಿ ಹೋಗಿರಬೇಕು ಎಂದ. “ಮುಂಬೈ ಟ್ರಾಫಿಕ್ಕಿನಲ್ಲಿ ಅದೂ ಜಾಸ್ತಿಯೇ” ಎಂದೆ. ಅವನು ನಗಲಿಲ್ಲ. ಮೊದಲನೆಯ ಸಲ ನನಗೂ ನನ್ನ ಜೋಕು ರುಚಿಸಲಿಲ್ಲ.

ಮಾವ ಹೇಳಿದರು. ಅವರ ಹಿಂದಿ ಹೋಟೆಲಿನ ಹಿಂದಿ, ಅದರಲ್ಲಿ ಎಲ್ಲ ಕ್ರಿಯಾಪದವೂ ಒಂದೇ ಥರ ಮುಗಿಯುತ್ತದೆ. ಅರ್ಥ ಇಷ್ಟು: ದಿನಾ ಬೆಳಿಗ್ಗೆ ಚಾಲೂ ಮಾಡ್ತೇನೆ, ಪೂಜೆ ಆಗುವ ತನಕ ನಿಂತಲ್ಲೇ ಓಡ್ತದೆ, ಆಮೇಲೆ ಆಫ್ ಮಾಡ್ತೇನೆ. ವರ್ಷಗಳಿಂದ ಹಾಗೇ.

ಡೀಲರು ಬಾಗಿಲಲ್ಲಿ ನಿಂತಿದ್ದ ಬಿಲ್ಡಿಂಗಿನ ವಾಚ್‌ಮನ್ನನ್ನು ನೋಡಿ ಕಣ್ಣು ಮಿಟುಕಿಸಿದ. “ಅಂಕಲ್, ಪೂಜೆಗೆ ದೀಪ ಹಚ್ತಾರೆ. ಎಂಟು ಸಿಲಿಂಡರಿನ ವಿ-ಏಟ್ ಎಂಜಿನ್ ಯಾರು ಹಚ್ತಾರೆ?” ಆಮೇಲೆ ತೀರಾ ಪ್ರೀತಿಯಿಂದ, ಪೇಷೆಂಟಿನ ಮನೆಯವರಿಗೆ ಡಾಕ್ಟರು ಹೇಳುವ ಹಾಗೆ ಹೇಳಿದ: ಮೀಟರು ತಿರುಗಿಸಿದ್ದನ್ನು ಒಪ್ಪಿಕೊಳ್ಳಿ, ನಾನು ಬೇರೆ ರೇಟು ಹೇಳ್ತೇನೆ, ಇವತ್ತೇ ತಗೊಂಡು ಹೋಗ್ತೇನೆ. ಮಾರುಕಟ್ಟೆಯಲ್ಲಿ ಎಲ್ಲರೂ ಮಾಡುವುದೇ, ನಾಚಿಕೆ ಯಾಕೆ?

ನಾಚಿಕೆ! ಫೋರ್ಟಿನ ಹೋಟೆಲಿನಲ್ಲಿ ಸಾಂಬಾರಿಗೆ ಬೇಳೆ ಕಡಿಮೆಯಾದ ದಿನ, “ಇವತ್ತು ಸಾಂಬಾರು ತೆಳುವಾಗಿದೆ” ಎಂದು ಗಿರಾಕಿ ಕೇಳುವ ಮೊದಲೇ ಹೇಳುವ ಮನುಷ್ಯ ಮಾವ. ಅದನ್ನು ಕೇಳಿ ಎಷ್ಟೋ ಜನ ಎದುರಿನ ಹೋಟೆಲಿಗೆ ಎದ್ದು ಹೋಗಿದ್ದಾರೆ. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಬಾಯಿ ಮಾತ್ರ ಬರಲಿಲ್ಲ. ಬಾಯಿ ಬಂದದ್ದು ನನಗೆ, ಅದೂ ಡೀಲರಿನ ದನಿಯಲ್ಲಿ. “ಮಾರ್ಕೆಟ್ ಮೇ ಸಬ್ ಕರ್ತೇ ಹೈ, ಶರಮ್ ಕೈಸಾ” ಎಂದು ಅವನ ಹಾಗೇ ಕುತ್ತಿಗೆ ಓರೆ ಮಾಡಿ, ಇಲ್ಲದ ಕನ್ನಡಕವನ್ನು ಹಣೆಗೆ ಏರಿಸಿದೆ. ವಾಚ್‌ಮನ್ ನಕ್ಕುಬಿಟ್ಟ. ಡೀಲರು ಸ್ಕ್ಯಾನರ್ ಕಿತ್ತುಕೊಂಡು ಹೊರಟುಹೋದ.

ಮಾವ ನನ್ನ ಕಡೆ ತಿರುಗಿದರು. “ಇದು ನನ್ನ ಸಿಟ್ಟು. ನೀನು ಯಾಕೆ ಖರ್ಚು ಮಾಡಿದ್ದು?”

ಮರುದಿನದಿಂದ ಫೋನು ಬಂದ್. ಡೀಲರುಗಳದ್ದೆಲ್ಲ ಒಂದು ವಾಟ್ಸ್ಯಾಪ್ ಗುಂಪು ಇರುತ್ತದಂತೆ. ಮಾಟುಂಗದ ನೀಲಿ ಗಾಡಿ, ಮೀಟರ್ ಗೋಲ್‌ಮಾಲ್ ಎಂದು ಅದರಲ್ಲಿ ಬಂದಿತ್ತು. ನೋಡಲು ಬರುವವರೂ ಬೈಕುಲ್ಲಾದ ಯಾವುದೋ ವರ್ಕ್‌ಶಾಪಿನಿಂದ ಸುದ್ದಿ ಕೇಳಿಕೊಂಡೇ ಬರುತ್ತಿದ್ದರು. ಎಲ್ಲರದೂ ಒಂದೇ ನಗು. ತಿಂಗಳು ಮುಗಿಯುತ್ತಾ ಬಂತು. ಬಿಲ್ಡರಿನ ಜನ ಬಂದು ಮೇಲಿನ ಖಾಲಿ ಮನೆಗಳ ಕಿಟಕಿ ಕಳಚತೊಡಗಿದರು. ಕಡಿಮೆ ರೇಟಿಗೆ ನಾನು ಈಗಲೂ ರೆಡಿ, ಅಂಕಲ್ ಒಪ್ಪಿಕೊಂಡರೆ ಸಾಕು ಎಂದು ಆ ಅಂಧೇರಿಯವನೇ ಫೋನು ಮಾಡಿದ. ಊರಿಗೆಲ್ಲ ಕೆಸರು ಎರಚಿದವನೂ ಅವನೇ, ಈಗ ತೊಳೆದುಕೊಡ್ತೇನೆ ಎಂದು ಬರುವವನೂ ಅವನೇ.

ನನಗೆ ಮಾವನ ಮೇಲೂ ಸಿಟ್ಟು ಬಂತು. “ಒಂದು ಮಾತು ಹೂಂ ಅಂದ್ಬಿಡಿ ಮಾವ. ಕಾರು ಹೋಗ್ತದೆ, ಕತೆ ಮುಗೀತದೆ. ಅಂಧೇರಿಯವ ಎಂತ ಅಂದುಕೊಂಡ್ರೆ ನಿಮಗೆಂತ?”

“ರೇಟು ಕಮ್ಮಿ ಆಗ್ಲಿ, ಕೊಡುವ. ನಾನು ಸುಳ್ಳ ಅಂತ ನನ್ನ ಬಾಯಲ್ಲೇ ಹೇಳುದು ಹೇಗೆ? ಅವ ಹೇಳಿದ ಮಾತು ಅವ ವಾಪಾಸು ತೆಗೀಲಿ. ಆಮೇಲೆ ಕಾರು ತೆಗೀಲಿ.”

“ಮೇಲಿನ ಕಾಕುವನ್ನು ಕರೆಯುವ. ಅವರಿಗಿಂತ ಬೇರೆ ಸಾಕ್ಷಿ ಎಂತ ಬೇಕು?”

“ಬೇಡ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇಷ್ಟು ವರ್ಷ ಸದ್ದೇ ಆಗುದಿಲ್ಲ ಅಂತ ಅವರ ಹತ್ರ ವಾದ ಮಾಡಿದ್ದೇನೆ. ಈಗ ಹೋಗಿ, ಹೌದು, ಭಯಂಕರ ಸದ್ದಾಗ್ತಿತ್ತು ಅಂತ ಹೇಳಿ ಅಂತ ಹೇಳ್ಲಿಕ್ಕೆ ಮುಖ ಉಂಟಾ ನನಗೆ?”

ಅಡುಗೆಮನೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಅತ್ತೆ, “ಅದೊಂದು ಮುಖ ಇಟ್ಟುಕೊಂಡು ಮುಲುಂಡಿಗೆ ಬನ್ನಿ” ಎಂದರು.

ಖಾಲಿ ಮಾಡುವ ಹಿಂದಿನ ದಿನ ಡೀಲರು ಕರೆಯದೇ ಬಂದ. ಜಾಗ ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಹಸಿದವನ ಎದುರು ತಟ್ಟೆ ಹಿಡಿದುಕೊಂಡು ನಿಂತ ಹಾಗೆ ಗ್ಯಾರೇಜಿನ ಬಾಗಿಲಲ್ಲಿ ನಿಂತ. ಮಾವ ಪುನಃ ಅದೇ ಹೇಳಿದರು: ದಿನಾ ಬೆಳಿಗ್ಗೆ, ನಿಂತಲ್ಲೇ. ಅವನಿಗೆ ಈ ಸಲ ತಾಳ್ಮೆ ಇರಲಿಲ್ಲ. “ಅಂಕಲ್, ಬಸ್ ಕರೋ, ಸಾಕು. ಇಲ್ಲಿ ಬೆಳಿಗ್ಗೆ ಯಾವ ಗಾಡಿಯೂ ಚಾಲೂ ಆಗಿಲ್ಲ. ನಿಮ್ಮ ಈ ಭಾಂಜಾ, ಈ ಸೋದರಳಿಯ, ರಾತ್ರಿ ಹೈವೇಯಲ್ಲಿ ರೇಸ್ ಓಡಿಸಿದ್ದಾನೆ. ಎಲ್ಲರಿಗೂ ಗೊತ್ತಾಗ್ತದೆ.”

ನನಗೆ ಕಾರಿನ ರಿವರ್ಸ್ ಗೇರು ಎಲ್ಲಿದೆ ಎಂದು ಕೂಡ ಗೊತ್ತಿಲ್ಲ. ರೇಸಿನ ಗೌರವ ಸಿಕ್ಕಿದ್ದಕ್ಕೆ ಖುಷಿಪಡಬೇಕೋ, ಅವನ ಕಾಲರ್ ಹಿಡಿಯಬೇಕೋ ಎಂದು ಯೋಚಿಸುವಷ್ಟರಲ್ಲಿ ಮೇಲಿನ ಕಿಟಕಿ ದಡಾರನೆ ತೆರೆಯಿತು.

“ಏನಂದಿ? ಮುಂಜಾನಿ ಚಾಲೂ ಆಗಿಲ್ಲಾ?”

ಕಾಕು ಕಿಟಕಿಯಲ್ಲಿ ನಿಲ್ಲಲಿಲ್ಲ. ಕೆಳಗೆ ಇಳಿದೇ ಬಂದರು, ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಯ ಹಗ್ಗ ಕೈಯಲ್ಲೇ ಇತ್ತು. ವಿಜಯಪುರದ ಹಿಂದಿಯಲ್ಲಿ ಅವರು ಅವನನ್ನು ತರಾಟೆಗೆ ತೆಗೆದುಕೊಂಡದ್ದನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿದ್ದೇನೆ, ಆದರೆ ಆ ಕಾವು ಬರುವುದಿಲ್ಲ. ಮಧ್ಯೆ ಮಧ್ಯೆ ಹಿಂದಿ ಸಾಲದೆ ಕನ್ನಡಕ್ಕೆ ಇಳಿಯುತ್ತಿದ್ದರು. “ಹಂಗಾದ್ರ ನಾ ಇಷ್ಟ್ ವರ್ಷ ಕಿಡಕ್ಯಾಗ ನಿಂತು ಯಾರಿಗ್ ಒದರಿದ್ನೋ? ಗ್ವಾಡಿಗೇನು? ನನಗ ಹುಚ್ಚ್ ಹಿಡದದಂತಿಯಾ? ಸೂರ್ಯ ಹುಟ್ಟೂದು ಒಂದ್ ದಿನಾ ತಪ್ಪೀತು, ಈ ಮನಶಾನ ಎಮ್ಮಿ ಎದ್ದು ಗುಟುರ್ ಹಾಕೂದು ತಪ್ಪಿಲ್ಲ! ನನ್ನ ನಿದ್ದಿ ಹಾಳಾಗಿದ್ದು ಸುಳ್ಳೇನ್ ಹಂಗಾರ? ಈ ವಾಚ್‌ಮನ್ನನ್ನ ಕೇಳು. ಹಾಲಿನವನ್ನ ಕೇಳು. ಮೀಟಿಂಗಿನ್ಯಾಗ ಎಷ್ಟ್ ಸರ್ತಿ ಜಗಳಾ ಮಾಡೀನಿ, ಕೇಳು ಹೋಗು!”

ಅವರು ಮಾವನ ಪರವಾಗಿ ಬಂದಿರಲಿಲ್ಲ. ತಮ್ಮ ದೂರಿನ ಮಾನ ಉಳಿಸಿಕೊಳ್ಳಲು ಬಂದಿದ್ದರು. ಇಷ್ಟು ವರ್ಷದ ಜಗಳವನ್ನು ಅಂಧೇರಿಯ ಒಬ್ಬ ಹುಡುಗ ನಡೆಯಲೇ ಇಲ್ಲ ಎಂದರೆ ಸುಮ್ಮನಿರುವ ಹೆಂಗಸಲ್ಲ ಅವರು. ವಾಚ್‌ಮನ್ನು ಹೌದು ಎಂದ. ಸದ್ದಿಗೆ ಸೇರಿದ್ದ ಎರಡನೆಯ ಮಹಡಿಯವರೂ ಹೌದು ಎಂದು, ತಮ್ಮ ಮಗುವಿನ ನಿದ್ದೆಯ ಕತೆಯನ್ನೂ ಸೇರಿಸಿದರು. ಒಂದು ಕ್ಷಣದಲ್ಲಿ ಇಡೀ ಬಿಲ್ಡಿಂಗು ಮಾವನನ್ನು ಬೈಯುತ್ತಿತ್ತು. ಮಾವ ಕೈಕಟ್ಟಿಕೊಂಡು, ಹೊಗಳಿಸಿಕೊಳ್ಳುವವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

ಡೀಲರು ಕನ್ನಡಕ ತೆಗೆದು ಅಂಗಿಗೆ ಸಿಕ್ಕಿಸಿದ. “ಸಾರಿ ಅಂಕಲ್” ಎಂದ, ಲೋಕಲ್ಲಿನಲ್ಲಿ ಕಾಲು ತುಳಿದಾಗ ಹೇಳುವ ಸಾರಿ. ಮಾವ ಅಲುಗಾಡಲಿಲ್ಲ. “ಹಾಗಲ್ಲ. ಮೀಟರು ಸರಿ ಉಂಟು ಅಂತ ಹೇಳು. ಇವರೆಲ್ಲ ಕೇಳುವ ಹಾಗೆ.” ಅವನು ಹೇಳಿದ. “ಗುಂಪಿನಲ್ಲೂ ಹಾಕು.” ಅದನ್ನೂ ಅಲ್ಲೇ ನಿಂತು ಹಾಕಿದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

ಇಷ್ಟಾದ ಮೇಲೆ ಅವನು ಬಾಯಿಬಿಟ್ಟು ಹೇಳಿದ ಮಾತು ಬೇರೆ. ಮೀಟರು ನಿಜ, ಒಪ್ಪಿದೆ; ಆದರೆ ಇಂಥ ಎಂಜಿನ್ನನ್ನು ದಿನಾ ನಿಂತಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ, ಪೆಟ್ರೋಲು ಆಯಿಲಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಹೊರಗೆ ಓಡಿಸಿ ಉಳಿದ ದಿನ ಮಲಗಲು ಬಿಟ್ಟಿದ್ದರೆ ಸಾಕಿತ್ತು. ಇದು ಗ್ರೈಂಡರ್ ಅಲ್ಲ, ಅಂಕಲ್. ಹಾಗಾಗಿ ನನ್ನ ರೇಟು ಅದೇ.

ನನಗೆ ಮೈಯೆಲ್ಲ ಉರಿಯಿತು. ಕಳ್ಳ ಎಂದಾಗ ಹೇಳಿದ ರೇಟೂ ಅದೇ, ಸಾಚಾ ಎಂದು ಒಪ್ಪಿದ ಮೇಲೂ ಅದೇ ರೇಟಾ? ಕೊಡಬೇಡಿ ಎಂದು ಕಿರುಚಿದೆ. ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟರು. ಪ್ರೀತಿಯಿಂದ ಮಾಡಿದ್ದೇ ಪೆಟ್ಟಾಗಿದೆ ಎಂದು ಅವರಿಗೆ ಆಗಷ್ಟೇ ಗೊತ್ತಾಗಿತ್ತು.

“ಅದು ಹೇಗೆ ಒಂದೇ ರೇಟು ಮಾರಾಯ? ಆವತ್ತಿನದ್ದು ಸುಳ್ಳಿಗೆ. ಇವತ್ತಿನದ್ದು ನನ್ನ ತಪ್ಪಿಗೆ. ತಪ್ಪು ನಾನು ಮಾಡಿದ್ದೇ.” ಡೀಲರಿಗೆ ಹೇಳಿದರು: “ತಗೊಂಡು ಹೋಗು. ಮುಂದೆ ತಗೊಳ್ಳುವವನಿಗೆ ನಿಂತಲ್ಲೇ ಓಡಿಸಿದ್ದು ಅಂತ ಹೇಳು. ಮುಚ್ಚಿಡಬೇಡ.” ಅವನು ಹೂಂ ಹೂಂ ಎಂದ. ಆ ಹೂಂ ಎಂಥದ್ದು ಎಂದು ದನಿ ಕದಿಯುವ ನನಗೆ ಗೊತ್ತಾಗಬೇಕಿತ್ತು.

ಮುಂದಿನ ಭಾನುವಾರ ಮುಲುಂಡಿಗೆ ಹೋದಾಗ ನಾನೇ ಮೊಬೈಲಿನಲ್ಲಿ ತೋರಿಸಿದೆ. ಅದೇ ಕಡುನೀಲಿ ಕಾರು, ಅಂಧೇರಿಯ ಅಂಗಡಿಯ ಬೆಳಕಿನಲ್ಲಿ. ರೇಟು ಕೇಳಿದರೆ ತಲೆ ತಿರುಗಬೇಕು. ಕೆಳಗೆ ಬರೆದಿತ್ತು: ಒಬ್ಬರೇ ಓನರು, ಪ್ರಾಮಾಣಿಕ ಹೋಟೆಲ್ ಉದ್ಯಮಿ, ಮೀಟರು ಅಸಲಿ, ಎಂಜಿನ್ ಹೊಸದರ ಹಾಗೆ. ನಿಂತಲ್ಲೇ ಓಡಿದ್ದರ ಬಗ್ಗೆ ಒಂದು ಅಕ್ಷರ ಇಲ್ಲ.

ಮಾವ ಬಿಳಿಚಿಕೊಂಡರು. ಕಳ್ಳ ಎಂದಾಗ ಕಿವಿ ಕೆಂಪಾಗಿತ್ತು. ಈಗ ಪ್ರಾಮಾಣಿಕ ಎಂದದ್ದಕ್ಕೆ ಬಣ್ಣವೇ ಹೋಯಿತು. “ನನ್ನ ಹೆಸರಲ್ಲಿ ಸುಳ್ಳು ಹೇಳ್ತಾ ಇದ್ದಾನಲ್ಲ! ನಾಳೆ ತಗೊಂಡವ ಎಂಜಿನ್ ಬಿಚ್ಚಿ ನೋಡಿದ್ರೆ ಯಾರಿಗೆ ಬೈಯುದು? ಪ್ರಾಮಾಣಿಕ ಹೋಟೆಲಿನವನಿಗೆ!” ಫೋನು ಮಾಡಿಸಿದರು. ಡೀಲರು, ಗಾಡಿ ಈಗ ನನ್ನದು ಅಂಕಲ್, ರಿಲ್ಯಾಕ್ಸ್ ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಆಗ ನಾನು ಅತ್ತೆಯ ಫೋನು ತೆಗೆದುಕೊಂಡೆ. ಮೊದಲು ದಾದರಿನ ಪಾರ್ಸಿ ಮುದುಕನಾದೆ. ಕಾರು ತುಂಬ ಚೆನ್ನಾಗಿದೆ ಡಿಕ್ರಾ, ಮಗನೇ ಎಂದು ಹೊಗಳಿ, ರೇಟು ಕೇಳಿ, ಅವನ ದನಿಯಲ್ಲಿ ಬೆಣ್ಣೆ ಕರಗುತ್ತಿರುವಾಗ ಕೇಳಿದೆ: “ಎಂಜಿನ್ನು ನಿಂತಲ್ಲೇ ಎಷ್ಟು ಗಂಟೆ ಓಡಿದೆ?” ಫೋನು ಕಟ್ ಆಯಿತು. ಅರ್ಧ ಗಂಟೆ ಬಿಟ್ಟು, ಪಕ್ಕದ ಮನೆಯವರ ಫೋನಿನಿಂದ ಘಾಟ್ಕೋಪರಿನ ವ್ಯಾಪಾರಿಯಾದೆ. ಆಮೇಲೆ ಥಾಣೆಯ ಪೊಲೀಸ್ ಹವಾಲ್ದಾರನ ಹೆಂಡತಿಯಾದೆ. ಎಲ್ಲರಿಗೂ ಅದೇ ಒಂದು ಪ್ರಶ್ನೆ. ಕೊನೆಯದರಲ್ಲಿ ಅವನು ಕಿರುಚಿದ: “ತೂ ಅಂಕಲ್ ಕಾ ಭಾಂಜಾ ಹೈ ನಾ?”

ಮಾವ ಫೋನು ಕಸಿದುಕೊಂಡರು. “ಹೌದು, ನನ್ನ ತಂಗಿಯ ಮಗನೇ. ನಾನೂ ಇಲ್ಲೇ ಇದ್ದೇನೆ. ಇದ್ದದ್ದು ಬರೆಯುವ ತನಕ ಅವ ನಿಲ್ಲಿಸುದಿಲ್ಲ, ನಿಲ್ಲಿಸು ಅಂತ ನಾನೂ ಹೇಳುದಿಲ್ಲ.”

ಸಂಜೆಯ ಹೊತ್ತಿಗೆ ಜಾಹೀರಾತಿನಲ್ಲಿ ಒಂದು ಸಾಲು ಸೇರಿತ್ತು. ಎಲ್ಲದರ ಅಡಿಯಲ್ಲಿ, ಇರುವೆಯ ಗಾತ್ರದಲ್ಲಿ: ದಿನವೂ ನಿಂತಲ್ಲೇ ಚಾಲೂ ಇಡಲಾಗಿತ್ತು. ನಾನು ಗೆದ್ದೆ ಎಂದು ಕುಣಿದು ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡರು, ತೆಗೆದು ಒರೆಸಿದರು, ಮೊಬೈಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮೂಗಿನ ಹತ್ತಿರ ತಂದರು.

“ಇಷ್ಟು ಸಣ್ಣಕ್ಕೆ ಬರೆದ್ರೆ ಯಾರಿಗೆ ಕಾಣ್ತದೆ?” ಎಂದು ಮೊಬೈಲನ್ನು ನನ್ನ ಕೈಗೆ ತುರುಕಿ, ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. “ಪುನಃ ಮಾಡು ಮಾರಾಯ. ಈ ಸಲ ಯಾರ ದನಿ ಉಂಟು ನಿನ್ನ ಹತ್ರ?”